ಕರಿಬಂಡೆಯ ದುಗ್ಗಿ ಕೈ ಕಟ್ಟಿಕೊಂಡ ಕತೆ

ಬಹಳ ಬಹಳ ಹಿಂದೆ, ಕಡಲೂ ಬೆಟ್ಟವೂ ಗಡಿಗಾಗಿ ಇನ್ನೂ ಜಗಳಾಡುತ್ತಿದ್ದ ಕಾಲದಲ್ಲಿ, ಅಲೆಮಂಡಲವೆಂಬ ಒಂದು ರಾಜ್ಯವಿತ್ತು. ಅದಕ್ಕೆ ಧವಳಾಂಗ ಅಂತ ಒಬ್ಬ ರಾಜ. ಕೆಟ್ಟವನೇನಲ್ಲ, ಆದರೆ ಮಹಾ ಪುಕ್ಕಲ. ಒಂದು ಸಲ ಅವನಿಗೆ ದವಡೆ ಹಲ್ಲು ನೋಯತೊಡಗಿ, ಅರಮನೆಯೇ ಅದುರುವಂತೆ ಕೂಗಾಡಿದ. ಆಗ ಕೊಕ್ಕರಾಯನೆಂಬ ಮಾಟಗಾರ ಬಂದು ಒಂದೇ ಉಸಿರಿಗೆ ನೋವು ಇಳಿಸಿಬಿಟ್ಟ.

"ಏನು ಬೇಕೋ ಕೇಳಯ್ಯ," ಅಂದ ರಾಜ.

"ಹೆಚ್ಚೇನಿಲ್ಲ ಪ್ರಭು. ಆ ಕರಿಬಂಡೆಯ ದಡವೊಂದನ್ನು ಕೊಟ್ಟರೆ ಸಾಕು."

"ಅಷ್ಟೇನಾ? ತಗೋ!"

ಅಲ್ಲಿ ಜನ ಇದ್ದಾರೆಯೇ, ಅವರು ಏನು ತಿಂದು ಬದುಕುತ್ತಾರೆ ಅಂತ ಒಂದು ಮಾತು ಕೇಳಬೇಡವೇ? ಕೇಳಲಿಲ್ಲ. ಹಲ್ಲುನೋವು ಹೋಗಿತ್ತಲ್ಲ, ಅಷ್ಟೇ ಸಾಕಿತ್ತು ಪುಣ್ಯಾತ್ಮನಿಗೆ.

ಕರಿಬಂಡೆಯಲ್ಲಿ ಮೂವತ್ತೇಳು ಜನ ಇದ್ದರು. ಕಡಲು ಇಳಿದಾಗ ಬಂಡೆಗಳ ಮೇಲೆ ಹೋಗಿ ಚಿಪ್ಪಿ ಕೀಳುವುದು, ಕಡಲು ಏರಿದಾಗ ಅಂಗಳದಲ್ಲಿ ಕೂತು ಅದನ್ನು ಕತ್ತಿಯಿಂದ ಮೀಟಿ ಒಳಗಿನ ಮಾಂಸ ಬಿಡಿಸುವುದು, ಇದೇ ಅವರ ಬದುಕು. ಅವರಲ್ಲಿ ದುಗ್ಗಿ ಅಂತ ಒಬ್ಬ ಹುಡುಗಿ. ಸೊಂಟದ ಸಣ್ಣ ಕತ್ತಿ ತೆಗೆದಳೆಂದರೆ ಚಿಪ್ಪಿ ಬಿಡಿಸುವುದರಲ್ಲಿ ಸುತ್ತ ಮೂರೂರಲ್ಲಿ ಅವಳನ್ನು ಮೀರಿಸುವವರಿಲ್ಲ. ಅಪ್ಪ ಅಬ್ಬೆ ಇಬ್ಬರೂ ಬೇಗ ಹೋಗಿದ್ದರು. ಸಾಕಿದವನು ಅಣ್ಣ ಜಟ್ಟ. ಎಡಗೈಯವನು, ಮಾತಿಗೆ ಒರಟ, ಊಟದಲ್ಲಿ ಭಾರಿ ತಕರಾರಿನವನು. ಗಂಜಿಗೆ ಉಪ್ಪು ಒಂದು ಹರಳು ಕಮ್ಮಿಯಾದರೆ ಮುಖ ಊದಿಸಿಕೊಂಡು ಕೂರುತ್ತಿದ್ದ. ಆದರೆ ತಂಗಿ ಹಸಿದಿದ್ದಾಳೆಂದು ಗೊತ್ತಾದರೆ ತನ್ನ ತಟ್ಟೆಯನ್ನೇ ಅವಳ ಮುಂದೆ ತಳ್ಳುತ್ತಿದ್ದ.

ಹುಣ್ಣಿಮೆಯ ದಿನ ದುಗ್ಗಿ ಪೇಟೆಗೆ ಹೋಗಿದ್ದಾಗ ಕೊಕ್ಕರಾಯ ಕರಿಬಂಡೆಗೆ ಬಂದ. ಉದ್ದ ಕಾಲು, ಉದ್ದ ಕತ್ತು, ಕೊಕ್ಕಿನಂಥ ಚೂಪು ಮೂತಿ, ಮೈತುಂಬ ಬಿಳಿ ಶಾಲು. ಅವನು ನೀರಿನಲ್ಲಿ ಒಂಟಿಕಾಲಲ್ಲಿ ನಿಂತರೆ ಜಪ ಮಾಡುತ್ತಿದ್ದಾನೆಂದು ಜನ ಕೈ ಮುಗಿಯುತ್ತಿದ್ದರು. ಜಪವೂ ಇಲ್ಲ, ತಪವೂ ಇಲ್ಲ, ಅವನು ಕಾಯುತ್ತಿದ್ದುದು ಏಡಿಗೆ! ದಿನಕ್ಕೆ ನೂರು ಏಡಿ ನುಂಗಿ ನುಂಗಿ ಅವನಿಗೆ ಬರೀ ಏಡಿ ಸಪ್ಪೆಯಾಗಿತ್ತು. ಮನುಷ್ಯರು ಏಡಿಯಾದರೆ ಎಂಥ ರುಚಿ ಇರಬಹುದು ಅನ್ನುವ ಚಪಲ ಹುಟ್ಟಿತ್ತು.

"ದಡ ನನ್ನದು, ಜಾಗ ಖಾಲಿ ಮಾಡಿ," ಅಂದ.

"ರಾಜರಿಗೆ ಕೊಡಲೇಬೇಕೆಂದಿದ್ದರೆ ಅವರ ಅರಮನೆ ಅಂಗಳ ಕೊಡಲಿ. ನಾವು ಇಲ್ಲಿಂದ ಕದಲೋದಿಲ್ಲ," ಅಂದ ಜಟ್ಟ. ಊರೇ ಅವನ ಹಿಂದೆ ನಿಂತಿತು.

ಕೊಕ್ಕರಾಯ ನಕ್ಕ. ಮಂತ್ರದ ಮಸಿಯಲ್ಲಿ ಬೆರಳದ್ದಿ ಒಬ್ಬೊಬ್ಬರ ಬೆನ್ನಿಗೂ ಒಂದೊಂದು ಗೀಟು ಎಳೆದ. ಕೂಸು, ಮುದುಕರು, ಗಂಡು, ಹೆಣ್ಣು, ಮೂವತ್ತಾರು ಜನವೂ ಬಂಡೆಯ ಏಡಿಗಳಾಗಿ ಚೆಲ್ಲಾಪಿಲ್ಲಿಯಾದರು. ಅರ್ಧ ಲಿಂಬೆಹಣ್ಣಿನಷ್ಟು ಗಾತ್ರ, ಪಾಚಿಯ ಬಣ್ಣ.

ದುಗ್ಗಿ ಬುಟ್ಟಿ ಹೊತ್ತು ಬರುವ ಹೊತ್ತಿಗೆ ಮಸಿ ಮುಗಿದಿತ್ತು. ಕೊಕ್ಕರಾಯ ಅವಳನ್ನು ಮೇಲಿನಿಂದ ಕೆಳಗೆ ನೋಡಿದ.

"ಅಯ್ಯೋ, ನೀನೊಬ್ಬಳು ಉಳಿದೆಯಾ? ನಿಮ್ಮವರನ್ನೆಲ್ಲ ಏಡಿ ಮಾಡಿಯಾಯಿತು. ಇರಲಿ. ಅಮಾಸೆ ಬೆಳಗ್ಗೆ ಕಡಲು ಪೂರ್ತಿ ಇಳಿಯುತ್ತದೆ, ಏಡಿಗಳಿಗೆ ಓಡಲು ನೀರೇ ಇರುವುದಿಲ್ಲ. ಅಂದು ನಿಮ್ಮೂರಿಗೆ ಊರನ್ನೇ ಊಟ ಮಾಡುತ್ತೇನೆ. ಅಲ್ಲಿಯವರೆಗೆ ಬೇಕಾದರೆ ಅಳು."

ಹಾಗೆಂದು ಬೆಟ್ಟ ಹತ್ತಿ ಹೋದ. ದುಗ್ಗಿ ಅತ್ತಳು, ಅಳದೆ ಏನು ಮಾಡುತ್ತಾಳೆ! ಆದರೆ ಅತ್ತದ್ದು ಸ್ವಲ್ಪ ಹೊತ್ತು. ಆಮೇಲೆ ಸೀರೆ ಎತ್ತಿ ಕಟ್ಟಿ ಬಂಡೆಗಳಿಗೆ ಇಳಿದಳು. ಒಂದೊಂದೇ ಕಲ್ಲು ಎತ್ತುವುದು, "ಅಣ್ಣಾ" ಅಂತ ಕರೆಯುವುದು, ಕಲ್ಲನ್ನು ಮತ್ತೆ ಇದ್ದ ಹಾಗೇ ಮುಚ್ಚುವುದು. ಕರಿಬಂಡೆಯವರ ಪದ್ಧತಿ ಅದು. ಕಲ್ಲು ಮಗುಚಿ ಹಾಗೇ ಬಿಟ್ಟರೆ ಕೆಳಗಿನ ಜೀವಗಳೆಲ್ಲ ಬಿಸಿಲಿಗೆ ಸಾಯುತ್ತವೆ. ಎದೆ ಒಡೆದು ಹೋಗಿದ್ದರೂ ಅವಳ ಕೈ ಆ ಪದ್ಧತಿ ಬಿಡಲಿಲ್ಲ.

ಏಳನೆಯ ಕಲ್ಲು ಮುಚ್ಚುವಾಗ ಕೆಳಗಿನಿಂದ ಒಂದು ದನಿ ಬಂತು.

"ತಡಿ ಮಗಳೇ. ಅಷ್ಟು ಸಂಕಟದಲ್ಲೂ ನನ್ನ ಮನೆಯ ಬಾಗಿಲು ಹಾಕಿ ಹೋಗುತ್ತಿದ್ದೀಯಲ್ಲ, ಅದಕ್ಕೆ ಮಾತಾಡಿಸಿದೆ."

ನೋಡಿದರೆ ಒಂದು ಹೆಣ್ಣು ಏಡಿ. ಹೊಟ್ಟೆಯಡಿ ಅಗಲವಾದ ಮಡಿಕೆಯೊಳಗೆ ಸಾವಿರ ಸಾವಿರ ಮೊಟ್ಟೆಗಳನ್ನು ಅವುಚಿಕೊಂಡು ಕೂತಿತ್ತು. ಬಾಯಲ್ಲಿ ಸಣ್ಣಗೆ ನೊರೆ.

"ಏಡಿಯಮ್ಮಾ, ನಮ್ಮವರೆಲ್ಲ ಎಲ್ಲಿ? ಯಾರು ಯಾರು ಅಂತ ಹೇಗೆ ತಿಳಿಯಲಿ?"

"ತಿಳಿಯದೆ ಏನು? ನಾವು ಹುಟ್ಟಾ ಏಡಿಗಳು ಅಡ್ಡಡ್ಡ ನಡೆಯುತ್ತೇವೆ. ನಿಮ್ಮವರು ಈಗಲೂ ನೆಟ್ಟಗೆ ನಡೆಯಲು ಹೋಗಿ ಮುಗ್ಗರಿಸುತ್ತಿದ್ದಾರೆ, ನೋಡಿ ನೋಡಿ ನನಗೆ ನಗು ತಡೆಯಲಾಗುತ್ತಿಲ್ಲ. ಅವರು ಮಾತಾಡಲಾರರು, ಏಡಿಯ ಬಾಯಿಗೆ ಮಾತು ಬರಲು ಏಳು ವರ್ಷ ಬೇಕು. ಆದರೆ ಕಿವಿ ಕೇಳಿಸುತ್ತದೆ."

"ಅವರನ್ನು ಮತ್ತೆ ಮನುಷ್ಯರು ಮಾಡುವುದಕ್ಕೆ ದಾರಿ ಇದೆಯಾ?"

"ಇದೆ. ಆ ಉದ್ದ ಕತ್ತಿನವನು ನಮ್ಮನ್ನು ಜೀವಮಾನವಿಡೀ ತಿಂದ, ಒಂದು ದಿನವೂ ಕಣ್ಣಿಟ್ಟು ನೋಡಲಿಲ್ಲ. ಮಂತ್ರವನ್ನು ಎಲ್ಲಿ ಬರೆದ ಹೇಳು? ಚಿಪ್ಪಿನ ಮೇಲೆ. ಚಿಪ್ಪು ನಾವು ಕಳಚುವ ಅಂಗಿ ಮಾರಾಯ್ತಿ! ಮೈ ಬೆಳೆಯುತ್ತದೆ, ಚಿಪ್ಪು ಬೆಳೆಯುವುದಿಲ್ಲ. ಚೆನ್ನಾಗಿ ತಿಂದು ಮೈ ತುಂಬಿಕೊಂಡ ಏಡಿ ಹಿಂದುಗಡೆ ಚಿಪ್ಪು ಸೀಳಿಕೊಂಡು ಹೊರಗೆ ಬರುತ್ತದೆ. ಚಿಪ್ಪು ಅಲ್ಲಿ ಬಿತ್ತೋ, ಮಂತ್ರವೂ ಅಲ್ಲೇ ಬಿತ್ತು."

ದುಗ್ಗಿ ಮೂಗು ಒರೆಸಿಕೊಂಡಳು. "ಅಮಾಸೆಯೊಳಗೆ ಮೂವತ್ತಾರು ಜನರ ಚಿಪ್ಪೂ ಬೀಳಬೇಕು. ಬೀಳಿಸಿಯೇ ತೀರುತ್ತೇನೆ."

ಎಡಗಡೆಯ ಇಕ್ಕಳ ದೊಡ್ಡದಿದ್ದ ಏಡಿಯೊಂದು ಬಂಡೆಗಳ ನಡುವಿನ ನೀರುಗುಂಡಿಯ ಮೂಲೆಯಲ್ಲಿ ಮುಖ ತಿರುಗಿಸಿ ಕೂತಿತ್ತು. ಬೆನ್ನ ಮೇಲೆ ಕರಿ ಗೀಟು. ಊರಲ್ಲಿ ಎಡಗೈಯವನು ಒಬ್ಬನೇ. "ಅಣ್ಣಾ!" ಅಂದಳು. ಏಡಿ ಇಕ್ಕಳವನ್ನು ಮೇಲೆತ್ತಿ ಆಡಿಸಿತು.

ಮೊದಲನೆಯ ಕಷ್ಟ ಊಟದ್ದು. ದುಗ್ಗಿ ಮೀನಿನ ಕರುಳು, ಕೊಳೆತ ಬಂಗುಡೆ, ಸತ್ತ ಸಿಗಡಿ ತಂದು ತಂದು ಸುರಿದಳು. ನಿಜವಾದ ಏಡಿಗಳು ಮದುವೆ ಊಟಕ್ಕೆ ಬಂದ ಹಾಗೆ ಮುತ್ತಿದವು. ಕರಿ ಗೀಟಿನ ಏಡಿಗಳು ಮಾತ್ರ ಹಿಂದೆ ಸರಿದವು. ಒಳಗಿದ್ದವರು ಮನುಷ್ಯರಲ್ಲವೇ? ಕೊಳೆತದ್ದು ಹೇಗೆ ತಿಂದಾರು! ಎಲ್ಲರಿಗಿಂತ ಹಿಂದೆ ಸರಿದವನು ಜಟ್ಟ.

ಮೂರು ದಿನ ಹೋಯಿತು. ಯಾರೂ ಬಾಯಿ ಹಾಕಲಿಲ್ಲ. ನಾಲ್ಕನೆಯ ದಿನ ದುಗ್ಗಿಗೆ ಸಿಟ್ಟು ನೆತ್ತಿಗೇರಿತು.

"ಏನಣ್ಣಾ, ಇನ್ನೂ ನಿನಗೆ ಉಪ್ಪು ಖಾರ ಸರಿಯಾಗಬೇಕಾ? ನಿನ್ನ ತಕರಾರಿನಿಂದ ಊರೆಲ್ಲ ಉಪವಾಸ ಬಿದ್ದಿದೆ. ನೀನು ತಿಂದರೆ ಅವರೂ ತಿನ್ನುತ್ತಾರೆ. ಸರಿ, ನೀನು ತಿನ್ನುವವರೆಗೆ ನಾನೂ ತಿನ್ನುವುದಿಲ್ಲ. ನೋಡೋಣ, ಯಾರು ಮೊದಲು ಸೋಲುತ್ತಾರೋ!"

ಹಾಗೆಂದು ಬಂಡೆಯ ಮೇಲೆ ಕಾಲು ನೀಡಿ ಕೂತಳು. ಕಡಲು ಏರಿತು, ಇಳಿಯಿತು. ಮತ್ತೆ ಏರಿತು, ಇಳಿಯಿತು. ಅವಳ ಹೊಟ್ಟೆ ಗುರುಗುಟ್ಟಿದ್ದು ನೀರಿನೊಳಗೂ ಕೇಳಿಸಿತೋ ಏನೋ, ಜಟ್ಟ ಮೆಲ್ಲಗೆ ಬಂದ. ಬಂಗುಡೆಯ ಕರುಳನ್ನು ಇಕ್ಕಳದಲ್ಲಿ ಎತ್ತಿದ, ಒಂದು ಗಳಿಗೆ ತಡೆದ, ಬಾಯಿಗಿಟ್ಟ. ಒಬ್ಬ ತಿಂದದ್ದೇ ತಡ, ಊರಿಗೆ ಊರೇ ಊಟಕ್ಕೆ ಕೂತಿತು. ದುಗ್ಗಿ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಅವಲಕ್ಕಿ ಬಿಚ್ಚಿ ಗಬಗಬ ತಿಂದಳು.

ಎರಡನೆಯ ಕಷ್ಟ ಅಷ್ಟಮಿಯ ದಿನ ಬಂತು. ಕೊಕ್ಕರಾಯನಿಗೆ ಅಮಾಸೆವರೆಗೆ ತಡೆಯಲಾಗಲಿಲ್ಲ. ಒಂದೇ ಒಂದು ರುಚಿ ನೋಡೋಣವೆಂದು ಬಿಳಿ ಹಕ್ಕಿಯಾಗಿ ಬಂದು ಗುಂಡಿಯ ಅಂಚಿನಲ್ಲಿ ನಿಂತ.

"ಏಡಿಗಳಿರಾ, ಅಲುಗಬೇಡಿ! ಪಾಚಿಯಲ್ಲಿ ಪಾಚಿಯಾಗಿ ಕೂತುಬಿಡಿ!" ಅಂತ ಏಡಿಯಮ್ಮ ಕೂಗಿದಳು.

ಎಲ್ಲರೂ ಕೂತರು. ಜಟ್ಟ ಕೂರಲಿಲ್ಲ. ಊರವರಿಗೆ ಅಡ್ಡವಾಗಿ ನಿಂತು ಇಕ್ಕಳ ಎತ್ತಿದ. ಧೈರ್ಯವೇನೋ ದೊಡ್ಡದು, ಮೈ ಅಂಗೈಯಷ್ಟೂ ಇಲ್ಲ. ಕೊಕ್ಕರಾಯ ಪಟ್ಟನೆ ಕುಕ್ಕಿ ಅವನ ಹಿಂಗಾಲೊಂದನ್ನು ಹಿಡಿದ. ದುಗ್ಗಿ ಕಲ್ಲು ಬೀಸಿದಳು, ಹಕ್ಕಿ ಬಿಡಲಿಲ್ಲ. ಜಟ್ಟ ಬಂಡೆಯನ್ನು ಬಿಗಿಯಾಗಿ ಹಿಡಿದು ಕಾಲನ್ನು ಎಳೆದುಕೊಳ್ಳುತ್ತಿದ್ದ.

"ಕಾಲು ಬಿಟ್ಟುಬಿಡು ಅಂತ ಹೇಳೇ ನಿನ್ನ ಅಣ್ಣನಿಗೆ!" ಅಂದಳು ಏಡಿಯಮ್ಮ.

"ಬಿಡುವುದಾ? ಕಾಲನ್ನಾ?"

"ನಾವು ಹಾಗೇ ಬಿಡುವುದು. ಬುಡದಲ್ಲಿ ಕಳಚಿಕೊಳ್ಳುತ್ತದೆ, ರಕ್ತವೂ ಹೆಚ್ಚು ಹೋಗುವುದಿಲ್ಲ. ಮುಂದಿನ ಚಿಪ್ಪಿನಲ್ಲಿ ಸಣ್ಣದಾಗಿ ಮತ್ತೆ ಮೊಳೆಯುತ್ತದೆ. ಬೇಗ!"

"ಅಣ್ಣಾ, ಕಾಲು ಕೊಟ್ಟುಬಿಡು! ನನಗೆ ನೀನು ಬೇಕು, ನಿನ್ನ ಕಾಲಲ್ಲ!" ಅಂತ ದುಗ್ಗಿ ಗಂಟಲು ಹರಿಯುವಂತೆ ಕೂಗಿದಳು.

ಜಟ್ಟ ಕೇಳಿಸಿಕೊಂಡ. ಟಕ್ ಅಂತ ಕಾಲು ಕಳಚಿತು. ಹಕ್ಕಿ ಹಿಂದಕ್ಕೆ ಮುಗ್ಗರಿಸಿತು, ಏಡಿ ಬಿರುಕು ಸೇರಿತು. ಕೊಕ್ಕರಾಯ ಆ ಕಾಲನ್ನೇ ನುಂಗಿ, "ಆಹಾ, ಅಮಾಸೆ ಬರಲಿ," ಅಂತ ಕೊಕ್ಕು ಚಪ್ಪರಿಸಿ ಹಾರಿಹೋದ.

ಮೂರನೆಯ ಕಷ್ಟ ನೋಡಿ, ಅದು ದುಗ್ಗಿಗೇ ಬಂದದ್ದು.

ಹದಿಮೂರು ಹದಿನಾಲ್ಕನೆಯ ದಿನಕ್ಕೆ ಏಡಿಗಳು ತಿನ್ನುವುದನ್ನು ಬಿಟ್ಟವು. ಬಣ್ಣ ಮಂಕಾಯಿತು. ಒಂದೊಂದೂ ಒಂದೊಂದು ಸಂದಿಯಲ್ಲಿ ಮುದುಡಿತು. ಅಮಾಸೆಯ ಬೆಳಗ್ಗೆ ಕಡಲು ಇಳಿಯತೊಡಗಿದಾಗ ಮೊದಲನೆಯ ಏಡಿಯ ಬೆನ್ನ ಹಿಂದೆ ಸಣ್ಣ ಸೀಳು ಕಾಣಿಸಿತು.

"ಮಗಳೇ," ಅಂದಳು ಏಡಿಯಮ್ಮ, "ಒಂದೇ ಮಾತು. ಮುಟ್ಟಬೇಡ. ಎಷ್ಟೇ ಒದ್ದಾಡಲಿ, ಮುಟ್ಟಬೇಡ. ಕಣ್ಣು, ಕಾಲು, ಒಳಗಿನ ಕಿವಿರು, ಎಲ್ಲವನ್ನೂ ಹಳೆಯ ಚಿಪ್ಪಿನಿಂದ ಅವರೇ ಬಿಡಿಸಿಕೊಂಡು ಬರಬೇಕು. ಯಾರಾದರೂ ಎಳೆದರೆ ಹರಿಯುತ್ತದೆ."

"ಸರಿ," ಅಂದಳು ದುಗ್ಗಿ.

ಸರಿ ಅನ್ನುವುದು ಸುಲಭ. ಹುಟ್ಟಿದಾಗಿನಿಂದ ಚಿಪ್ಪಿ ಬಿಡಿಸಿದ ಕೈ ಅದು! ಸೀಳು ಕಂಡರೆ ಕತ್ತಿ ತಾನಾಗಿ ಹೋಗುತ್ತದೆ. ಮೊದಲ ಏಡಿ ಅರ್ಧ ಹೊರಗೆ ಬಂದು ಸಿಕ್ಕಿಕೊಂಡು ನಡುಗತೊಡಗಿತು. ಎಷ್ಟು ಹೊತ್ತಾದರೂ ಬರಲಿಲ್ಲ. ಅಯ್ಯೋ ಪಾಪ, ಸ್ವಲ್ಪ ಸಡಿಲ ಮಾಡುತ್ತೇನೆ ಅಂತ ದುಗ್ಗಿ ಕತ್ತಿಯ ತುದಿ ತೂರಿಸಿ ಒಂದು ಸಣ್ಣ ಮೀಟು ಮೀಟಿದಳು.

ಅಷ್ಟಕ್ಕೇ ಬಲಗಡೆಯ ಎರಡು ಕಾಲಿನ ತುದಿಗಳು ಹಿಂದೆಯೇ ಉಳಿದವು. ಮೆತ್ತಗಿನ ಏಡಿ ನೀರು ಹೀರಿತು, ಉಬ್ಬಿತು, ಇನ್ನೂ ಉಬ್ಬಿತು, ಮನುಷ್ಯನಾಯಿತು. ನೆರೆಮನೆಯ ಹೊನ್ನಯ್ಯ ಮಾವ! ನೆನೆದ ಹಿಟ್ಟಿನ ಹಾಗೆ ಮೆತ್ತಗೆ ಮಲಗಿದ್ದ. ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ.

"ಮಾವಾ, ನಾನು ಏನು ಮಾಡಿಬಿಟ್ಟೆ..."

"ಅಳಬೇಡ್ವೇ," ಅಂದ ಹೊನ್ನಯ್ಯ, ನಾಲಿಗೆಯೂ ಮೆತ್ತಗಾಗಿ ತೊದಲುತ್ತ. "ಎಂಟು ಉಳಿದಿವೆ. ಆದರೆ ಇನ್ನೊಬ್ಬರಿಗೆ ಈ ಉಪಕಾರ ಮಾಡಬೇಡ ಮಾರಾಯ್ತಿ."

ದುಗ್ಗಿ ಕತ್ತಿಯನ್ನು ಕಡಲಿಗೆ ಎಸೆದಳು. ಅಷ್ಟು ಸಾಲದು, ಬೆರಳುಗಳು ಇನ್ನೂ ತುರಿಸುತ್ತಿದ್ದವು. ಸೆರಗಿನ ಅಂಚು ಹರಿದಳು. ಎರಡೂ ಮಣಿಕಟ್ಟು ಜೋಡಿಸಿ ಸುತ್ತಿ, ಗಂಟನ್ನು ಹಲ್ಲಿನಿಂದ ಎಳೆದು ಬಿಗಿದಳು. ಆಮೇಲೆ ಕೂತು ನೋಡಿದಳು. ಬರೀ ನೋಡುವುದು ಎಷ್ಟು ಕಷ್ಟ ಅಂತ ಅವಳಿಗೆ ಅಂದೇ ಗೊತ್ತಾದದ್ದು. ಒಬ್ಬೊಬ್ಬರೂ ನಡುಗಿದರು, ಸಿಕ್ಕಿಕೊಂಡರು, ಸುಸ್ತಾಗಿ ನಿಂತರು, ಮತ್ತೆ ಒದ್ದಾಡಿದರು. ಅವಳು ತುಟಿ ಕಚ್ಚಿ ರಕ್ತ ಬಂದರೂ ಏಳಲಿಲ್ಲ. ಹಿಂದಕ್ಕೆ, ಹಿಂದಕ್ಕೆ, ಕೂದಲೆಳೆಯಷ್ಟೇ ಹಿಂದಕ್ಕೆ ಜಾರುತ್ತ ಒಬ್ಬೊಬ್ಬರೇ ಹೊರಗೆ ಬಂದರು. ಕೂಸು ಬಂತು, ಮುದುಕಿ ಬಂದಳು, ಗಂಡಸರು ಹೆಂಗಸರು ಬಂದರು. ಮೂಳೆ ಇನ್ನೂ ಬಲಿತಿರಲಿಲ್ಲ, ನಿಲ್ಲಲು ಯಾರಿಗೂ ಆಗುತ್ತಿರಲಿಲ್ಲ. ದುಗ್ಗಿ ಭುಜದಿಂದ, ಪಾದದಿಂದ ಅವರನ್ನು ಉರುಳಿಸಿ ಮುಂದಕ್ಕೆ ಚಾಚಿದ ಬಂಡೆಯ ಕೆಳಗೆ, ಪಾಚಿಯ ಮರೆಗೆ ಸೇರಿಸಿದಳು.

ಮೂವತ್ತೈದು ಜನ ಬಂದಾಯಿತು. ಜಟ್ಟ ಬರಲಿಲ್ಲ. ಕಾಲು ಕಳೆದುಕೊಂಡಿದ್ದ ಅವನ ಚಿಪ್ಪು ಆಗಷ್ಟೇ ಸೀಳುತ್ತಿತ್ತು. ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಬಿಳಿ ಶಾಲು ಇಳಿದು ಬರುವುದು ಕಾಣಿಸಿತು.

ದುಗ್ಗಿ ಸುತ್ತ ನೋಡಿದಳು. ಬಂಡೆಗಳ ಮೇಲೆಲ್ಲ ಕಳಚಿದ ಚಿಪ್ಪುಗಳು. ಕಾಲಿದೆ, ಇಕ್ಕಳವಿದೆ, ಕಣ್ಣಿನ ಗೂಡು ಕೂಡ ಹಾಗೇ ಇದೆ. ಬೆನ್ನ ಮೇಲೆ ಕರಿ ಗೀಟು. ಜೀವಮಾನವಿಡೀ ಏಡಿ ನೋಡಿದ ಅವಳಿಗೇ ಜೀವಂತ ಏಡಿಗಳೇ ಕೂತಿವೆ ಅನ್ನಿಸಿತು. ಅವಳಿಗೆ ಅನ್ನಿಸಿದರೆ ಕೊಕ್ಕರಾಯನಿಗೆ ಅನ್ನಿಸದೆ ಇರುತ್ತದೆಯೇ? ಅವಳು ಹೋಗಿ ಜಟ್ಟನಿದ್ದ ಬಿರುಕಿಗೆ ಬೆನ್ನು ಕೊಟ್ಟು ಕೂತಳು.

"ಕೈ ಕಟ್ಟಿದವರು ಯಾರು?" ಅಂತ ಕೊಕ್ಕರಾಯ ಕೇಳಿದ.

"ನಾನೇ ಕಟ್ಟಿಕೊಂಡೆ ಸ್ವಾಮಿ. ಈ ಕೈಯಿಂದ ಇನ್ನು ಮಾಡುವಂಥದ್ದು ಏನೂ ಉಳಿದಿಲ್ಲ."

ಸುಳ್ಳಲ್ಲ, ಅಲ್ಲವೇ? ಕೊಕ್ಕರಾಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಏಡಿಗಳು ಯಾಕೆ ಓಡುತ್ತಿಲ್ಲ?"

"ಓಡಿ ಎಲ್ಲಿಗೆ ಹೋಗುತ್ತವೆ? ನೀರೇ ಇಲ್ಲವಲ್ಲ."

ಅವನು ಎಂದೂ ಅಗಿದು ತಿಂದವನಲ್ಲ, ಬರೀ ಗುಳಂ ಅಂತ ನುಂಗುವುದು. ಒಂದು ಚಿಪ್ಪು ನುಂಗಿದ, ಎರಡು ನುಂಗಿದ, ಹತ್ತು ನುಂಗಿದ. ಹೊಟ್ಟೆಗೆ ಸೇರಿದ್ದು ಅವನದೇ ಮಂತ್ರ. ಹತ್ತಕ್ಕೆ ಅವನ ಕಾಲು ಅಡ್ಡಡ್ಡ ಬೀಳತೊಡಗಿದವು. ಕಲ್ಲು ಜಾರುತ್ತಿದೆ ಅಂದುಕೊಂಡ. ಇಪ್ಪತ್ತಕ್ಕೆ ಬಾಯಲ್ಲಿ ನೊರೆ ಬಂತು. ಆಹಾ, ಎಂಥ ಜೊಲ್ಲು ಅಂದುಕೊಂಡ. ಮೂವತ್ತಕ್ಕೆ ಬೆನ್ನು ಬಿರುಸಾಗಿ ಮೈ ಕುಗ್ಗಿತು, ದುಗ್ಗಿಯ ಸೊಂಟದೆತ್ತರಕ್ಕೆ ಇಳಿದ. ಆದರೂ ನಿಲ್ಲಿಸಲಿಲ್ಲ. ಮೂವತ್ತೈದು ಮುಗಿಸಿ, ಅಡ್ಡಡ್ಡ ನಡೆಯುತ್ತ ಅವಳ ಮುಂದೆ ಬಂದ.

"ಇನ್ನೊಂದು ಇದೆ. ಲೆಕ್ಕ ನನಗೆ ಗೊತ್ತು. ಏಳು ಅಲ್ಲಿಂದ!"

"ಏಳುವುದಿಲ್ಲ," ಅಂದಳು ದುಗ್ಗಿ.

"ಎದ್ದರೆ ನೀನಾದರೂ ಉಳಿಯುತ್ತೀಯ."

"ಏಳುವುದಿಲ್ಲ ಅಂದೆನಲ್ಲ. ಕಿವಿ ಕೇಳುವುದಿಲ್ಲವಾ?"

ಅವನು ಕೊಕ್ಕು ಬೀಸಿ ಅವಳ ಭುಜಕ್ಕೆ ಕುಕ್ಕಿದ. ರಕ್ತ ಚಿಮ್ಮಿತು. ಅವಳು ಅಲುಗಲಿಲ್ಲ. ಮತ್ತೆ ಕುಕ್ಕಿದ. ಅವಳು ಬಿರುಕಿಗೆ ಇನ್ನಷ್ಟು ಒತ್ತಿ ಕೂತಳು. ಬೆನ್ನ ಹಿಂದೆ ಅಣ್ಣ ಒದ್ದಾಡುವುದು ಅವಳಿಗೆ ತಿಳಿಯುತ್ತಿತ್ತು. ತಿರುಗಿ ನೋಡಲಿಲ್ಲ, ಬೇಗ ಬಾ ಅಂತ ಅವಸರಿಸಲೂ ಇಲ್ಲ. "ನಿಧಾನ ಅಣ್ಣಾ," ಅಂತ ಮಾತ್ರ ಅಂದಳು. "ನಾನು ಇಲ್ಲೇ ಇದ್ದೇನೆ."

ಮೂರನೆಯ ಸಲ ಕೊಕ್ಕೆತ್ತುವಾಗ ಬಿರುಕಿನೊಳಗಿನ ನೀರು ಸಣ್ಣಗೆ ಹರಿದು ಬಂತು. ಅದರ ಜೊತೆ ಎಡ ಇಕ್ಕಳ ದೊಡ್ಡದಿದ್ದ ಒಂದು ಚಿಪ್ಪು ತೇಲಿ ಅವಳ ಕಾಲಬಳಿ ಬಂತು. ಕೊಕ್ಕರಾಯ ಬಗ್ಗಿ ಗಬಕ್ಕನೆ ನುಂಗಿದ.

ಅಷ್ಟೇ. ಶಾಲು ಖಾಲಿಯಾಗಿ ಕೆಳಗೆ ಬಿತ್ತು. ಅದರಡಿಯಿಂದ ಬೆರಳುಗುರಿನಷ್ಟು ಏಡಿಯೊಂದು ಹೊರಗೆ ಬಂದು, ನೆಟ್ಟಗೆ ನಡೆಯಲು ಹೋಗಿ ಮುಗ್ಗರಿಸಿತು.

"ತುಳಿಯೇ ಅದನ್ನು!" ಅಂತ ಪಾಚಿಯ ಮರೆಯಿಂದ ಹೆಂಗಸರು ಕೂಗಿದರು.

"ಹೋಗಲಿ ಬಿಡಿ," ಅಂದಳು ಏಡಿಯಮ್ಮ. "ಮೂವತ್ತಾರು ಮಂತ್ರ ನುಂಗಿದ್ದಾನೆ. ಒಂದು ಚಿಪ್ಪು ಬಿಟ್ಟರೆ ಒಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಕಳಚುತ್ತ ಇರಲಿ. ನನಗೆ ಈಗ ಹೊತ್ತಿಲ್ಲ." ನೀರು ಮತ್ತೆ ಏರತೊಡಗಿತ್ತು. ಅವಳು ಬಂಡೆಯ ತುದಿಗೆ ಹೋಗಿ ಹೊಟ್ಟೆಯ ಮಡಿಕೆ ಬಡಿದು ಬಡಿದು ಮೊಟ್ಟೆಗಳನ್ನು ಅಲೆಗೆ ಬಿಟ್ಟಳು. ಸಾವಿರ ಸಾವಿರ ಮರಿಗಳು, ಧೂಳಿನಷ್ಟು ಸಣ್ಣವು, ಕಡಲಿಗೆ ಹೊರಟವು.

"ಅಷ್ಟೂ ತಿರುಗಿ ಬರುತ್ತವಾ ಏಡಿಯಮ್ಮಾ?"

"ಒಂದೋ ಎರಡೋ ಬಂದರೆ ಹೆಚ್ಚು. ಹಾಗಂತ ಬಿಡದೆ ಇರಲಾ?"

ದುಗ್ಗಿ ತಿರುಗಿದಳು. ಬಿರುಕಿನಿಂದ ಜಾರಿ ಬಂದು, ಮನುಷ್ಯನಾಗಿ ಜಟ್ಟ ಮಲಗಿದ್ದ. ಒಂದು ಕಾಲು ಕೂಸಿನ ಕಾಲಿನ ಹಾಗೆ ತೆಳ್ಳಗೆ, ಹೊಸದಾಗಿ ಬಂದದ್ದು. ಅವಳಿಗೆ ದುಃಖ ಉಕ್ಕಿ ಬಂತು. ಕಟ್ಟಿದ ಕೈಗಳನ್ನೇ ಚಾಚಿ ಅವನನ್ನು ಎತ್ತಲು ಬಗ್ಗಿದಳು.

"ಮುಟ್ಟಬೇಡ್ವೇ," ಅಂದ ಜಟ್ಟ. ಹದಿನೈದು ದಿನದ ಮೇಲೆ ಅವನಾಡಿದ ಮೊದಲ ಮಾತು. "ಇಷ್ಟು ಹೊತ್ತು ತಡೆದೆಯಲ್ಲ, ಇನ್ನೊಂದು ಗಳಿಗೆ ತಡೆ."

ಅವಳು ಕೂತಳು. ಸೂರ್ಯ ಬೆಟ್ಟದ ಮೇಲೆ ಬಂದ. ಅಣ್ಣ ಮೊದಲು ಮಂಡಿಯೂರಿದ, ಬಿದ್ದ. ಮತ್ತೆ ಮಂಡಿಯೂರಿದ, ಬಂಡೆ ಹಿಡಿದ, ನಡುಗಿದ, ಬಿದ್ದ. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೆ ಕೂತ ಜಾಗ ಬಿಡಲಿಲ್ಲ. ಮೂರನೆಯ ಸಲ ಅವನು ಎದ್ದು ನಿಂತ. ಕುಂಟುತ್ತ ನಾಲ್ಕು ಹೆಜ್ಜೆ ನಡೆದು ಬಂದು, ಅವಳ ಮಣಿಕಟ್ಟಿನ ಗಂಟನ್ನು ಎಡಗೈಯಿಂದ ಬಿಚ್ಚಿದ.

ಸುದ್ದಿ ಕೇಳಿ ರಾಜ ಓಡಿ ಬಂದ. ಹಲ್ಲು ಮತ್ತೆ ನೋಯುತ್ತಿತ್ತು, ಕೆನ್ನೆ ಬೋಂಡದಷ್ಟು ಊದಿತ್ತು. ದುಗ್ಗಿ ಅವನನ್ನು ಬಂಡೆಯ ಮೇಲೆ ಕೂರಿಸಿ, ಬಾಯಿ ತೆಗೆಸಿ, ಯಾವ ಮಂತ್ರವೂ ಇಲ್ಲದೆ ಆ ಹಲ್ಲನ್ನು ಕಿತ್ತು ಕೈಗೆ ಕೊಟ್ಟಳು. ರಾಜ ಒಂದು ಸಲ ಕಿರುಚಿದ, ಆಮೇಲೆ ನಾಚಿಕೊಂಡ, ಆಮೇಲೆ ದಡವನ್ನು ಕರಿಬಂಡೆಯವರಿಗೇ ಬಿಟ್ಟುಕೊಟ್ಟೆನೆಂದು ಎಲ್ಲರೆದುರು ಸಾರಿದ. ಅವನು ಕೊಡುವುದೇನು ಬಂತು, ಅದು ಅವರದೇ ಆಗಿತ್ತು. ಆದರೂ ಹೇಳಿದ್ದು ಒಳ್ಳೆಯದೇ ಆಯಿತು.

ಅಂದು ಕರಿಬಂಡೆಯ ಮೂವತ್ತೇಳು ಜನವೂ ಒಂದೇ ಸಾಲಿನಲ್ಲಿ ಕೂತು ಗಂಜಿ ಉಂಡರು. ಬಡಿಸುವ ಗಡಿಬಿಡಿಯಲ್ಲಿ ದುಗ್ಗಿ ಉಪ್ಪು ಹಾಕುವುದನ್ನೇ ಮರೆತಿದ್ದಳು. ಜಟ್ಟ ಒಂದು ಮಾತೂ ಆಡದೆ ಮೂರು ಬಟ್ಟಲು ಕುಡಿದ. ಆಮೇಲೆ ಅವರೆಲ್ಲ ಬಹಳ ಕಾಲ ನೆಮ್ಮದಿಯಿಂದ ಬಾಳಿದರು. ಕಡಲು ಇಳಿದಾಗ ಇಳಿದರು, ಏರಿದಾಗ ಮನೆ ಸೇರಿದರು.